ಬೆಟ್ಟ ನಮ್ಮದು, ಭಾನುವಾರ ಬೆಂಗಳೂರಿನವರದ್ದು

ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಬರುವ ರೈಲು ರಾಮನಗರ ಸ್ಟೇಷನ್ನಿನಲ್ಲಿ ನಿಂತಾಗ ಇಳಿಯುವವರನ್ನು ಒಮ್ಮೆ ನೋಡಿ. ಬೆನ್ನಿಗೆ ದೊಡ್ಡ ಚೀಲ, ಚೀಲಕ್ಕೆ ನೇತುಹಾಕಿದ ಬೂಟು, ಹೆಗಲಲ್ಲಿ ಸುರುಳಿ ಸುತ್ತಿದ ಹಗ್ಗ. ಮಾರನೇ ದಿನ ಅದೇ ಸ್ಟೇಷನ್ನಿನಲ್ಲಿ ನಮ್ಮೂರಿನ ಹುಡುಗ ಹುಡುಗಿಯರು ಊಟದ ಡಬ್ಬಿ ಹಿಡಿದು ಬೆಂಗಳೂರಿನ ರೈಲಿಗೆ ಕಾಯುತ್ತಿರುತ್ತಾರೆ. ಅವರು ನಮ್ಮ ಬೆಟ್ಟಕ್ಕೆ, ನಾವು ಅವರ ಆಫೀಸಿಗೆ!

ನಾನು ಬಿ.ಎಸ್ಸಿ ಮುಗಿಸಿ ಎರಡು ವರ್ಷವಾಯಿತು. ಸೋಮವಾರದಿಂದ ಶುಕ್ರವಾರದವರೆಗೆ ಗ್ರಂಥಾಲಯದಲ್ಲಿ ಕೂತು ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುತ್ತೇನೆ. ಶನಿವಾರ, ಭಾನುವಾರ ಬಂಡೆ ಹತ್ತಲು ಬರುವ ತಂಡಗಳ ಜೊತೆ ಸಹಾಯಕನಾಗಿ ಹೋಗುತ್ತೇನೆ. ನಮ್ಮಜ್ಜಿಗೆ ಇದು ಇವತ್ತಿಗೂ ಅರ್ಥವಾಗಿಲ್ಲ. ‘ಕುರಿ ಕಾಯೋರು ಹತ್ತೋ ಬೆಟ್ಟಾನ ಓದಿರೋನು ಯಾಕ್ಲಾ ಹತ್ತೀಯ? ಅಲ್ಲೇನೈತೆ, ಬರೀ ಕಲ್ಲು’ ಅನ್ನುತ್ತಾಳೆ.

ಅಜ್ಜಿಯ ಆ ‘ಬರೀ ಕಲ್ಲಿಗೆ’ ಸುಮಾರು 250 ಕೋಟಿ ವರ್ಷ ವಯಸ್ಸು. ಭೂವಿಜ್ಞಾನದ ಪುಸ್ತಕಗಳಲ್ಲಿ ಇದರ ಹೆಸರು ಕ್ಲೋಸ್‌ಪೇಟ್ ಗ್ರಾನೈಟ್. ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಊರಿನ ಹೆಸರು ಬದಲಾಯಿತು, ಈಚೆಗೆ ಜಿಲ್ಲೆಯ ಹೆಸರೂ ಬೆಂಗಳೂರು ದಕ್ಷಿಣ ಎಂದಾಯಿತು, ಕಲ್ಲಿನ ಹೆಸರು ಮಾತ್ರ ಹಾಗೇ ಉಳಿದಿದೆ. ಈ ಕಲ್ಲಿನ ಮೈ ಒರಟು. ಬೂಟು ಹಿಡಿದುಕೊಳ್ಳುತ್ತದೆ, ಬೆರಳು ಮಾತ್ರ ತರಚುತ್ತದೆ. ಹತ್ತುವವರಿಗೆ ಇದು ಇಷ್ಟವಾಗುವುದು ಅದಕ್ಕೇ.

ಬರುವವರು ಮೊದಲು ಕೇಳುವ ಪ್ರಶ್ನೆ ಮಾತ್ರ ಬಂಡೆಯದ್ದಲ್ಲ: ‘ಗಬ್ಬರ್ ಸಿಂಗ್ ಕೂತಿದ್ದು ಯಾವ ಕಲ್ಲಿನ ಮೇಲೆ?’ ‘ಶೋಲೆ’ ಬಿಡುಗಡೆಯಾಗಿದ್ದು 1975ರಲ್ಲಿ. ಐವತ್ತು ವರ್ಷ ದಾಟಿದರೂ ನಮ್ಮನ್ನು ಆ ಪ್ರಶ್ನೆ ಬಿಟ್ಟಿಲ್ಲ. ಡೇವಿಡ್ ಲೀನ್ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರಕ್ಕೂ ಇಲ್ಲಿನ ಬೆಟ್ಟಗಳನ್ನೇ ಬಳಸಿಕೊಂಡಿದ್ದರು. ಅದನ್ನು ಇದುವರೆಗೆ ಒಬ್ಬರೂ ಕೇಳಿಲ್ಲ.

ಮನಾಲಿಯಂಥ ಊರುಗಳಲ್ಲಿ ಚಳಿಗಾಲಕ್ಕೆ ಹಿಮದ ಮೇಲೆ ಜಾರುವ ಆಟ. ಹಿಮ ಕರಗಿತೆಂದರೆ ಚಾರಣ, ನದಿಯಲ್ಲಿ ರ‍್ಯಾಫ್ಟಿಂಗ್. ಹಿಮದಲ್ಲಿ ಕಲಿಸುವ ಹುಡುಗರೇ ಬೇಸಿಗೆಯಲ್ಲಿ ದಾರಿ ತೋರಿಸುತ್ತಾರೆ. ನಮ್ಮಲ್ಲಿ ಹಿಮವಿಲ್ಲ ನಿಜ. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ತಾಲ್ಲೂಕು ಸೇರಿಸಿ ನೋಡಿದರೆ ಸುಮ್ಮನೆ ಮನೆಯಲ್ಲಿ ಕೂರಬೇಕಾದ ತಿಂಗಳು ಯಾವುದೂ ಕಾಣುವುದಿಲ್ಲ.

ಬೇಸಿಗೆಯ ಮಾತು ಬೇಗ ಮುಗಿಸುತ್ತೇನೆ, ಏಕೆಂದರೆ ಆಗ ಒಂಬತ್ತು ಗಂಟೆಯ ಹೊತ್ತಿಗೆ ಬಂಡೆ ಕಾದ ಹೆಂಚು. ನಸುಕಿನಲ್ಲೇ ಹತ್ತಿ ಇಳಿದುಬಿಡಬೇಕು. ಇಲ್ಲವೇ ಸೈಕಲ್ ಹಿಡಿದು ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನ ದಾರಿಗೆ ಹೋಗಿ. ಸಾಲುಮರದ ತಿಮ್ಮಕ್ಕ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಆಲದ ಮರಗಳು ಅಲ್ಲಿವೆ. ಏಪ್ರಿಲ್ ಬಿಸಿಲಲ್ಲಿ ಆ ನೆರಳಿನಡಿ ಸೈಕಲ್ ತುಳಿದವರಿಗೆ ಅವರ ಬಗ್ಗೆ ಯಾರೂ ಭಾಷಣ ಮಾಡಬೇಕಾಗಿಲ್ಲ. ಬಿಸಿಲು ಇನ್ನೂ ಜಾಸ್ತಿಯಾದರೆ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ.

ಮಳೆಗಾಲ ಬಂತೆಂದರೆ ಎಲ್ಲರಿಗೂ ಮೇಕೆದಾಟು ನೆನಪಾಗುತ್ತದೆ. ಕನಕಪುರದಾಚೆ ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮ, ಅಲ್ಲಿಂದ ಮುಂದೆ ಇಡೀ ಕಾವೇರಿ ಒಂದು ಸಂದಿಯಲ್ಲಿ ನುಗ್ಗುವ ಜಾಗ. ನೋಡಲೇಬೇಕು, ಸರಿ. ಆದರೆ ಅಲ್ಲಿ ಮಳೆ ಬಾರದೇ ಇದ್ದರೂ ನೀರು ಏರುತ್ತದೆ. ಮೇಲೆ ಕಬಿನಿಯಿಂದಲೋ ಕೆಆರ್‌ಎಸ್‌ನಿಂದಲೋ ಬಿಟ್ಟ ನೀರಿಗೆ ನಮ್ಮೂರ ಆಕಾಶದ ಹಂಗಿಲ್ಲ. ನೀರು ಉಜ್ಜಿ ನುಣುಪು ಮಾಡಿದ ಅಂಚಿನ ಕಲ್ಲಿನ ಮೇಲೆ ನಿಂತು ಸೆಲ್ಫಿ ತೆಗೆಯುವುದು ಸಾಹಸ ಅಲ್ಲವೇ ಅಲ್ಲ. ಮಾಗಡಿ ಕಡೆಯ ಮಂಚನಬೆಲೆ ಜಲಾಶಯದ ಮಾತೂ ಇದೇ. ದಡದಿಂದ ಶಾಂತವಾಗಿ ಕಾಣುವ ಆ ನೀರಿಗೆ ಈಜಲು ಇಳಿದು ಮನೆಗೆ ಮರಳದವರಲ್ಲಿ ನಮ್ಮ ವಯಸ್ಸಿನವರೇ ಹೆಚ್ಚು. ಇನ್ನು ಒದ್ದೆಯಾದ ಸಾವನದುರ್ಗವನ್ನು ನಾನಂತೂ ಹತ್ತುವುದಿಲ್ಲ, ಯಾರನ್ನೂ ಹತ್ತಿಸುವುದೂ ಇಲ್ಲ. 1,226 ಮೀಟರ್ ಎತ್ತರದ ಬೆಟ್ಟ ಅದು. ಹತ್ತುವ ದಾರಿಯ ಬಹುಪಾಲು ಬೋಳು ಕಲ್ಲು, ಜಾರಿದರೆ ಹಿಡಿಯಲು ಹುಲ್ಲುಕಡ್ಡಿಯೂ ಸಿಗದು.

ಬೆಟ್ಟದ ನಿಜವಾದ ಕಾಲ ನವೆಂಬರ್‌ನಿಂದ ಫೆಬ್ರುವರಿ. ಕಲ್ಲು ಒಣಗಿರುತ್ತದೆ, ಗಾಳಿ ತಣ್ಣಗಿರುತ್ತದೆ, ಕೈ ಬೆವರುವುದಿಲ್ಲ. ತೊಡಕು ಇರುವುದೂ ಇಲ್ಲೇ. ರಾಮದೇವರ ಬೆಟ್ಟದ ಕಡಿದಾದ ಗೋಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದು ಗೂಡು ಕಟ್ಟಿ ಮೊಟ್ಟೆಯಿಡುವುದೂ ಇದೇ ತಿಂಗಳುಗಳಲ್ಲಿ. ಇಡುವುದು ಒಂದೇ ಮೊಟ್ಟೆ. ಹಗ್ಗ, ಕೂಗಾಟ, ಡ್ರೋನ್ ಸದ್ದಿಗೆ ಹೆದರಿ ಹಕ್ಕಿ ಗೂಡು ಬಿಟ್ಟರೆ ಆ ಜೋಡಿಗೆ ಆ ವರ್ಷ ಅಷ್ಟೇ.

ದನಕ್ಕೆ ನೋವು ಕಡಿಮೆಯಾಗಲೆಂದು ಕೊಡುತ್ತಿದ್ದ ಡೈಕ್ಲೋಫಿನಾಕ್ ಔಷಧ, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ದೇಶದುದ್ದಕ್ಕೂ ಅವನ್ನು ಕೊಂದಿತು. ಜಾನುವಾರುಗಳಿಗೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ಅಷ್ಟರಲ್ಲಿ ನಮ್ಮ ಬೆಟ್ಟದಲ್ಲಿ ಉಳಿದಿದ್ದು ಬೆರಳೆಣಿಕೆಯ ಹಕ್ಕಿಗಳು. 2012ರಲ್ಲಿ ಸುಮಾರು 346 ಹೆಕ್ಟೇರ್ ಪ್ರದೇಶ ರಣಹದ್ದು ಧಾಮವಾಯಿತು. ಧಾಮದಿಂದ ನಮ್ಮ ಕಸುಬಿಗೆ ಕಲ್ಲು ಬಿತ್ತು ಎಂದು ಗೊಣಗುವವರನ್ನು ಕೇಳಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಹತ್ತಲು ಸುತ್ತಮುತ್ತ ಬೇಕಾದಷ್ಟು ಬಂಡೆಗಳಿವೆ, ನಾವು ತಂಡಗಳನ್ನು ಅಲ್ಲಿಗೇ ಕರೆದೊಯ್ಯುತ್ತೇವೆ. ಹಕ್ಕಿಗೆ ಹಾಗೆ ಇನ್ನೊಂದು ಬೆಟ್ಟ ಹುಡುಕಿಕೊಳ್ಳುವುದು ಸುಲಭವಲ್ಲ. ಕಳೆದ ಜನವರಿಯಲ್ಲಿ ಗಬ್ಬರ್ ಕಲ್ಲು ಕೇಳಿಕೊಂಡೇ ಬಂದಿದ್ದ ಹಿರಿಯರೊಬ್ಬರ ಕೈಗೆ ದೂರದಿಂದಲೇ ಬೈನಾಕ್ಯುಲರ್ ಕೊಟ್ಟೆ. ಗೋಡೆಯ ಸಂದಿನಿಂದ ಹದ್ದು ರೆಕ್ಕೆ ಬಿಚ್ಚಿ, ಒಂದೇ ಒಂದು ಬಾರಿಯೂ ಬಡಿಯದೆ, ಬಿಸಿಗಾಳಿ ಹಿಡಿದು ಮೇಲೇರಿತು. ಅವರು ಒಂದು ಗಂಟೆ ಅಲ್ಲಿಂದ ಏಳಲಿಲ್ಲ.

ಈಗ ದುಡ್ಡಿನ ಮಾತು. ಕೆಲಸ ಹುಡುಕುವವರು ಓದುವ ಪುಟದಲ್ಲಿ ಅದನ್ನು ಬಿಡುವುದು ಹೇಗೆ? ನಾನು ಹೋಗುವ ತಂಡಗಳಲ್ಲಿ ಒಂದು, ಒಂದು ದಿನಕ್ಕೆ ತಲೆಗೆ 1,800 ರೂಪಾಯಿ ತೆಗೆದುಕೊಳ್ಳುತ್ತದೆ. ಇಪ್ಪತ್ತು ಜನ ಬರುತ್ತಾರೆ. ನೀರು ಹೊತ್ತು, ದಾರಿ ತೋರಿಸಿ, ಕಡೆಯವರನ್ನು ಇಳಿಸಿಕೊಂಡು ಬರುವ ನನಗೆ 700. ಮೊದಮೊದಲು ಉರಿಯುತ್ತಿತ್ತು. ಆಮೇಲೆ ಲೆಕ್ಕ ಹಾಕಿದೆ: ಹಗ್ಗ ಅವರದು, ತರಬೇತಿ ಪಡೆದವರು ಅವರು, ಬಿದ್ದವನಿಗೆ ಮೊದಲ ಹತ್ತು ನಿಮಿಷದಲ್ಲಿ ಏನು ಮಾಡಬೇಕೆಂದು ಗೊತ್ತಿರುವವರೂ ಅವರೇ. ನನಗೆ ಗೊತ್ತಿದ್ದದ್ದು ದಾರಿ ಮಾತ್ರ. ದಾರಿಗೆ 700 ಕೊಡುತ್ತಾರೆ, ಉಳಿದದ್ದನ್ನು ಕಲಿತರೆ ಉಳಿದದ್ದಕ್ಕೂ ಕೊಡಲೇಬೇಕು.

ಕಲಿಯಲು ಜಾಗಗಳಿವೆ. ಬೆಂಗಳೂರಿನಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಅದರಾಚೆಗೆ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ, ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ. ಅಲ್ಲಿನ ಮೂಲ ಕೋರ್ಸು ಸುಮಾರು ನಾಲ್ಕು ವಾರ. ಕನಕಪುರದ ಗೆಳತಿಯೊಬ್ಬಳು ಹೋಗಲು ಹೊರಟಾಗ ಅವಳಮ್ಮ, ‘ಬಿದ್ದು ಕೈಕಾಲು ಮುರ್ಕಂಡ್ರೆ ಯಾರವ್ವ ಮದ್ವೆ ಆಯ್ತಾರೆ?’ ಎಂದು ಅತ್ತರಂತೆ. ಅವಳು, ‘ಎತ್ಕೊಂಡು ಇಳಿಸೋಕೆ ಬರೋನು ಆಯ್ತಾನೆ ಬಿಡು’ ಎಂದಳಂತೆ. ಈಗ ತಂಡಗಳಲ್ಲಿ ಹುಡುಗಿಯರು ಹೆಚ್ಚುತ್ತಿರುವುದರಿಂದ ಅವಳಿಗೆ ನನಗಿಂತ ಹೆಚ್ಚು ಕರೆ ಬರುತ್ತವೆ.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಕಾರುಗಳು ರಾಮನಗರ, ಚನ್ನಪಟ್ಟಣಗಳನ್ನು ಮುಟ್ಟದೇ ಹೋಗುತ್ತವೆ. ಹಳೆಯ ರಸ್ತೆಯ ಪಕ್ಕದ ಬೊಂಬೆ ಅಂಗಡಿಯವರನ್ನು ಕೇಳಿ, ಹೇಳುತ್ತಾರೆ. ಬಂಡೆಗೆ ಬರುವವರು ಮಾತ್ರ ಊರೊಳಗೆ ಇಳಿಯಲೇಬೇಕು. ಅದಕ್ಕೇ ನಾವು ಈಗ ಬೆಟ್ಟ ಮುಗಿಸಿ ಮಧ್ಯಾಹ್ನ ಅವರನ್ನು ಚನ್ನಪಟ್ಟಣಕ್ಕೆ ಕರೆದೊಯ್ಯುತ್ತೇವೆ. ಲೇತ್ ಮೇಲೆ ತಿರುಗುವ ಆಲೆಮರದ ತುಂಡಿಗೆ ಅರಗಿನ ಬಣ್ಣ ಹತ್ತುವುದನ್ನು ನೋಡಿದವರು ಬೊಂಬೆ ಕೊಳ್ಳದೆ ಹೋಗುವುದು ಅಪರೂಪ.

ನೀವು ಬರುವುದಾದರೆ ಎರಡು ಮಾತು. ಆ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಬನ್ನಿ. ರೈಲು ಇನ್ನೂ ವಾಸಿ. ಯಾವ ಬೆಟ್ಟಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕೆಂದು ಮೊದಲೇ ವಿಚಾರಿಸಿ, ತಲೆಗೆ ಎರಡು ಲೀಟರ್ ನೀರು ಹಿಡಿದುಕೊಳ್ಳಿ. ತಿಂಡಿಯ ಚಿಂತೆ ಬೇಡ. ದಾರಿಯಲ್ಲೇ ಬಿಡದಿ ಸಿಗುತ್ತದೆ, ತಟ್ಟೆ ಇಡ್ಲಿ ಬಿಸಿಯಾಗಿರುತ್ತದೆ.