ಉಪವಾಸಕ್ಕೆ ಮೊದಲು ಕೇಳುತ್ತಿದ್ದ ಡಾಕ್ಟರು

“ಏನಮ್ಮಾ, ಈ ಸಲವೂ ಉಪವಾಸ ಹಿಡೀತೀರಾ? ಹಾಗಾದ್ರೆ ಮಾತ್ರೆ ಬದಲಿಸಬೇಕು.”

ರಮಝಾನ್ ಹತ್ತಿರವಾದರೆ ಫ್ಯಾಮಿಲಿ ಡಾಕ್ಟರೇ ನಮ್ಮ ಉಮ್ಮಂದಿರನ್ನು ಹೀಗೆ ಕೇಳುತ್ತಿದ್ದ ಕಾಲವಿತ್ತು. ಮನೆಯಲ್ಲಿ ಯಾರಿಗೆ ಶುಗರ್, ಯಾರಿಗೆ ಬಿಪಿ ಎಂಬುದು ಅವರಿಗೆ ಬಾಯಿಪಾಠ. ಭದ್ರಾವತಿಯ ಉಕ್ಕಿನ ಕಾರ್ಖಾನೆಯವರಿಗೆ ಕಾರ್ಖಾನೆಯದ್ದೇ ಆಸ್ಪತ್ರೆ, ಶಿವಮೊಗ್ಗದಲ್ಲಿ ದೊಡ್ಡ ಕಾಯಿಲೆಗೆ ಮೆಗ್ಗಾನ್. ಉಳಿದದ್ದಕ್ಕೆಲ್ಲ ಬೀದಿಯ ಕ್ಲಿನಿಕ್ಕೇ.

ಈಗ ಟೋಕನ್ ಹಿಡಿದು ಗಂಟೆಗಟ್ಟಲೆ ಕೂತರೆ ಒಳಗೆ ಎರಡು ನಿಮಿಷ. ಡಾಕ್ಟರು ಮುಖ ನೋಡಲ್ಲ, ರಿಪೋರ್ಟ್ ನೋಡ್ತಾರೆ ಎಂಬುದು ಎಲ್ಲರ ದೂರು. ಆದರೆ ತಪ್ಪೆಲ್ಲ ಅವರದ್ದೇ ಎಂದರೆ ನ್ಯಾಯವಲ್ಲ. ಹೊಸಬರು ಹೆಚ್ಚಾಗಿ ಸ್ಪೆಷಲಿಸ್ಟ್ ಆಗಲು ಹೊರಡುತ್ತಾರೆ. ಉಳಿದ ಹಿರಿಯರ ಮುಂದೆ ಸಾಲು ಬೆಳೆಯುತ್ತದೆ. ಹಣ ಪಡೆದು ನೀಡುವ ಚಿಕಿತ್ಸೆಯೂ ಗ್ರಾಹಕ ಕಾನೂನಿಗೆ ಒಳಪಡುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪಿತ್ತಿದೆ. ಕೇಸಿನ ಭಯವಿದ್ದಲ್ಲಿ ಟೆಸ್ಟ್ ಚೀಟಿಯೂ ಉದ್ದವಾಗುತ್ತದೆ.

ನಾವೂ ಬದಲಾಗಿದ್ದೇವೆ. ಎದೆಗೊಬ್ಬ, ಮಂಡಿಗೊಬ್ಬ ಡಾಕ್ಟರ ಬಳಿ ನೇರ ಓಡುತ್ತೇವೆ. ಅಷ್ಟೂ ಮಾತ್ರೆಗಳನ್ನು ಒಟ್ಟಿಗೆ ನೋಡುವವರು ಯಾರೂ ಇಲ್ಲ. ಇನ್ಸುಲಿನ್ ಅಥವಾ ಕೆಲವು ಶುಗರ್ ಮಾತ್ರೆಗಳನ್ನು ಎಂದಿನಂತೆಯೇ ತೆಗೆದುಕೊಂಡು ಉಪವಾಸ ಹಿಡಿದರೆ, ಇಫ್ತಾರ್‌ಗೆ ಮೊದಲೇ ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಆದ್ದರಿಂದ ರಮಝಾನ್‌ಗೆ ಒಂದೆರಡು ತಿಂಗಳು ಮೊದಲೇ ಮನೆಯ ಹಿರಿಯರನ್ನು ಪರಿಚಯದ ಒಬ್ಬ ಡಾಕ್ಟರ ಬಳಿ ಕರೆದೊಯ್ಯೋಣ. ಎಲ್ಲ ಮಾತ್ರೆ, ಹಳೆಯ ಚೀಟಿ ಒಂದೇ ಚೀಲದಲ್ಲಿರಲಿ. ಉಮ್ಮನಿಗೆ ಬ್ಯಾರಿ ಭಾಷೆಯಲ್ಲಷ್ಟೇ ನೋವು ಹೇಳಲು ಬರುವುದಾದರೆ ಜೊತೆಗೆ ಒಬ್ಬರು ಒಳಗೆ ಹೋಗಲಿ. ಡಾಕ್ಟರು ಕೇಳದಿದ್ದರೆ ನಾವೇ ಹೇಳೋಣ: “ಇವರು ಉಪವಾಸ ಹಿಡೀತಾರೆ ಡಾಕ್ಟ್ರೇ.”