ಹಸಿರು ಬಣ್ಣ ಮಾಡಿದ ಎಡವಟ್ಟು

ಅರಸೀಕೆರೆ ಅಂದ ಕೂಡಲೇ ಗೆಳೆಯರೆಲ್ಲ ‘ಹಾಸನದ ಹತ್ರ ಜಂಕ್ಷನ್ ಐತಲ್ಲ, ಅದಾ?’ ಅಂತಾರೆ. ಅಲ್ಲ. ನಮ್ಮದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ. ಅಲ್ಲಿ ಅಪ್ಪನ ವೆಲ್ಡಿಂಗ್ ಅಂಗಡಿ ಇದೆ. ನಾನು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಬಿ.ಇ. ಓದುತ್ತಿದ್ದೇನೆ.

ಈ ಸಲ ನಮ್ಮ ತಂಡದ ಪ್ರಾಜೆಕ್ಟು ಮೆಕ್ಕೆಜೋಳ ಬಿಡಿಸುವ ಪುಟ್ಟ ಯಂತ್ರ. ಆಟೋಕ್ಯಾಡ್‌ನಲ್ಲಿ ಡ್ರಾಯಿಂಗ್ ನನ್ನದು, ಪ್ಲೇಟ್ ಕೊಯ್ಯುವ ಕೆಲಸ ಅಪ್ಪನದು. ಡ್ರಾಯಿಂಗ್‌ನ ಇಂಗ್ಲಿಷ್ ಅಪ್ಪನಿಗೆ ಓದಲು ಬರುವುದಿಲ್ಲ. ‘ಯಾವ್ದು ಎಷ್ಟು ದಪ್ಪ ಅಂತ ಬಣ್ಣದಾಗ ತೋರ್ಸು, ಸಾಕು’ ಅಂದರು.

ಅರವತ್ತು ಚಿಲ್ಲರೆ ಭಾಗಗಳು. ಒಂದೊಂದನ್ನೇ ಮೌಸ್‌ನಲ್ಲಿ ಒತ್ತಿ ಬಣ್ಣ ಬದಲಿಸುವ ತಾಳ್ಮೆ ನನಗಿಲ್ಲ. ಆಟೋಕ್ಯಾಡ್‌ಗೆ ಎಪಿಐ ಇದೆ, ನಾವು ಬರೆದ ಪ್ರೋಗ್ರಾಂ ಹೇಳಿದಂತೆ ಅದು ಕೇಳುತ್ತದೆ. ವಸ್ತುವಿನ ‘ಕಲರ್’ಗೆ 1 ಕೊಟ್ಟರೆ ಕೆಂಪು, 2 ಹಳದಿ, 3 ಹಸಿರು, 5 ನೀಲಿ. ಲೇಯರ್‌ಗಳಿಗೆ ದಪ್ಪದ ಹೆಸರನ್ನೇ ಇಟ್ಟಿದ್ದೆ. ಆ ಹೆಸರು ನೋಡಿ 3 ಎಂಎಂನವಕ್ಕೆ ಹಸಿರು, 5 ಎಂಎಂನವಕ್ಕೆ ಕೆಂಪು ಹಚ್ಚುವ ಪೈಥಾನ್ ಕೋಡ್ ಹತ್ತು ಸಾಲೂ ಆಗಲಿಲ್ಲ. (ಹಳದಿ ಮಾತ್ರ ಬೇಡ. ಕಪ್ಪು ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ, ಬಿಳಿ ಹಾಳೆಯಲ್ಲಿ ಮಾಯ!) ಅರೆಗಳಿಗೆಯಲ್ಲಿ ಇಡೀ ಡ್ರಾಯಿಂಗ್‌ಗೆ ಬಣ್ಣ ಬಂತು. ನನಗಂತೂ ಕೋಡು ಮೂಡಿತು.

ಮರುದಿನ ಪಕ್ಕದ ಎರಡು ಪ್ಲೇಟ್‌ಗಳನ್ನು 5 ಎಂಎಂ ಮಾಡಬೇಕೆಂದು ತಂಡ ತೀರ್ಮಾನಿಸಿತು. ಅವನ್ನು 5ರ ಲೇಯರ್‌ಗೆ ದೂಡಿದೆ, ತಿರುಗಿ ನೋಡದೆ ಪಿಡಿಎಫ್ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ. ಸಂಜೆ ಹೊತ್ತಿಗೆ ಅಪ್ಪ ಎರಡನ್ನೂ 3 ಎಂಎಂ ಹಾಳೆಯಲ್ಲಿ ಕೊಯ್ದಾಗಿತ್ತು.

‘ಹಸ್ರು ಇತ್ತಲ್ಲೋ’ ಅಂದರು. ಹೌದು, ಹಸಿರೇ ಇತ್ತು.

ತಪ್ಪು ನನ್ನ ಕೋಡ್‌ನದು. ವಸ್ತುವಿಗೇ ನೇರವಾಗಿ 3 ಅಂತ ಬಣ್ಣ ಅಂಟಿಸಿದರೆ, ಲೇಯರ್ ಬದಲಾದರೂ ಅದು ಬಿಡುವುದಿಲ್ಲ. ವಸ್ತುವಿಗೆ 256 ಕೊಡಬೇಕಿತ್ತು. ಅದು ‘ಬೈಲೇಯರ್’, ಅಂದರೆ ‘ಲೇಯರ್‌ನ ಬಣ್ಣವೇ ನನ್ನ ಬಣ್ಣ’ ಎಂದರ್ಥ. ಹಸಿರು, ಕೆಂಪನ್ನು ಲೇಯರ್‌ಗಷ್ಟೇ ಕೊಟ್ಟಿದ್ದರೆ, ದೂಡಿದ ಕ್ಷಣವೇ ಪ್ಲೇಟ್ ಕೆಂಪಾಗುತ್ತಿತ್ತು. ಕಂಪನಿಗಳಲ್ಲಿ ಕ್ಯಾಡ್ ಕೆಲಸ ಹುಡುಕುವವರು ಈ 256 ಅನ್ನು ನೆನಪಿಟ್ಟುಕೊಳ್ಳಿ. ಎಷ್ಟೋ ಕಡೆ ಪ್ರಿಂಟ್‌ನಲ್ಲಿ ಗೆರೆಯ ದಪ್ಪವನ್ನೂ ಬಣ್ಣವೇ ನಿರ್ಧರಿಸುತ್ತದೆ.

ಕೋಡ್ ತಿದ್ದಿದ್ದಕ್ಕೆ ಐದು ನಿಮಿಷ. ಹೊಸ ಪ್ಲೇಟಿನ ದುಡ್ಡನ್ನು ಅಪ್ಪ ಕೇಳಲಿಲ್ಲ, ನಾನೂ ಎತ್ತಲಿಲ್ಲ.

ಹೋದ ವಾರ ಊರಿಗೆ ಹೋದಾಗ ಆ ಎರಡು ಪ್ಲೇಟ್‌ಗಳು ಅಂಗಡಿಯ ಗೋಡೆಗೆ ಒರಗಿದ್ದವು. ಅಪ್ಪ ಅವಕ್ಕೆ ಹಸಿರು ಪೇಂಟ್ ಹೊಡೆದಿಟ್ಟಿದ್ದಾರೆ.