ಸ್ಪೇನಿನ ಮನೆಯೂಟ: ಶಾಕಾಹಾರಿಗಳು ಅರಿತಿರಬೇಕಾದುದು

ದಾವಣಗೆರೆ, ಹರಿಹರ ಭಾಗದಿಂದ ಮಕ್ಕಳು ವ್ಯಾಸಂಗಕ್ಕಾಗಿ ವಿದೇಶಕ್ಕೆ ಹೊರಟಾಗ ತಾಯಂದಿರು ಮೊದಲು ಕೇಳುವುದು ‘ಅಲ್ಲಿ ಊಟಕ್ಕೇನು?’ ಎಂದೇ. ಸ್ಪೇನಿನಲ್ಲಿ ಭಾಷೆ ಕಲಿಯಲು ಹೋದವರು ಅಲ್ಲಿನ ಕುಟುಂಬವೊಂದರ ಮನೆಯಲ್ಲಿ ಹಣ ತೆತ್ತು ವಾಸಿಸಿ, ಅವರೊಡನೆ ಉಣ್ಣುವ ಪದ್ಧತಿ ಉಂಟು. ಹುಟ್ಟಿನಿಂದ ಶಾಕಾಹಾರಿಗಳಾದವರಿಗೆ ಇದು ಅನುಕೂಲವೂ ಹೌದು, ಪರೀಕ್ಷೆಯೂ ಹೌದು.

ಒಗ್ಗುವ ಆಹಾರ

ಸ್ಪೇನಿನ ಮನೆಯಡುಗೆಯ ಜೀವಾಳ ಆಲಿವ್ ಎಣ್ಣೆ, ಕಾಳು, ತರಕಾರಿ ಮತ್ತು ಹಣ್ಣು. ಸ್ಪೇನ್, ಇಟಲಿ, ಗ್ರೀಸ್, ಮೊರಾಕ್ಕೊ ದೇಶಗಳ ಈ ಮೆಡಿಟರೇನಿಯನ್ ಆಹಾರ ಪದ್ಧತಿಯನ್ನು ಯುನೆಸ್ಕೊ 2010ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಹಸಿ ಟೊಮೆಟೊ, ಸೌತೆಕಾಯಿ, ಬೆಳ್ಳುಳ್ಳಿ ಅರೆದು ತಣ್ಣಗೆ ಕುಡಿಯುವ ‘ಗಾಸ್ಪಾಚೊ’, ನಮ್ಮ ಪಲ್ಯವನ್ನು ಹೋಲುವ ‘ಪಿಸ್ತೊ’, ಪಾಲಕ್ ಸೊಪ್ಪಿನೊಡನೆ ಬೇಯಿಸಿದ ಕಾಬೂಲಿ ಕಡಲೆ, ಅಕ್ಕಿ-ಹಾಲಿನ ಪಾಯಸ ಇವೆಲ್ಲ ನಮ್ಮ ನಾಲಿಗೆಗೆ ಬಹುಬೇಗ ಒಗ್ಗುತ್ತವೆ. ಅಲ್ಲಿನ ಕೆಂಪು ‘ಪಿಮೆಂತೋನ್’ ಪುಡಿಯನ್ನು ಕಂಡವರಿಗೆ ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ನೆನಪಾಗದಿರದು. ಎರಡರ ಮೂಲವೂ ಅಮೆರಿಕ ಖಂಡವೇ. ಅಲ್ಲಿಂದ ಮೆಣಸಿನಕಾಯಿ ಸ್ಪೇನಿಗೆ ಬಂದಿತು, ನಮ್ಮ ನಾಡಿಗೆ ಪೋರ್ಚುಗೀಸರು ತಂದರು.

ಎಚ್ಚರಿಕೆ ಬೇಕಾದೆಡೆ

‘ಮಾಂಸ ತಿನ್ನುವುದಿಲ್ಲ’ ಎಂದಷ್ಟೇ ಹೇಳಿದರೆ ಸಾಲದು. ಮೀನನ್ನೂ ಹಂದಿಮಾಂಸದ ಸಣ್ಣ ತುಣುಕುಗಳನ್ನೂ ಮಾಂಸವೆಂದು ಎಣಿಸದವರು ಅಲ್ಲಿದ್ದಾರೆ. ಮಸೂರ ಬೇಳೆಯ ಸಾರಿಗೆ ಅನೇಕ ಮನೆಗಳಲ್ಲಿ ‘ಚೊರಿಸೊ’ ಎಂಬ ಹಂದಿಮಾಂಸವನ್ನು ಹಾಕುವುದುಂಟು. ‘ತೊರ್ತಿಯಾ’ ಮೊಟ್ಟೆ-ಆಲೂಗಡ್ಡೆಯ ಖಾದ್ಯ. ಕೋಸಂಬರಿಯಂತೆ ಕಾಣುವ ತಟ್ಟೆಯಲ್ಲಿ ಟ್ಯೂನಾ ಮೀನು ಇರಬಹುದು. ಹಬ್ಬದ ಸಿಹಿ ‘ಮಾಂತೆಕಾದೊ’ದಲ್ಲಿ ಹಂದಿಯ ಕೊಬ್ಬಿರುತ್ತದೆ, ಸಾಂಪ್ರದಾಯಿಕ ಗಿಣ್ಣುಗಳಲ್ಲಿ ಹಲವನ್ನು ಕರು ಅಥವಾ ಕುರಿಮರಿಯ ಜಠರದ ಕಿಣ್ವದಿಂದ ಹೆಪ್ಪುಗಟ್ಟಿಸುತ್ತಾರೆ. ಆದ್ದರಿಂದ ಹೊರಡುವ ಮುನ್ನವೇ ಆ ಮನೆಯವರಿಗೆ ಮಾಂಸ, ಮೀನು, ಮೊಟ್ಟೆ, ಮಾಂಸದ ಸಾರು ಎಂದು ಪ್ರತಿಯೊಂದನ್ನೂ ಹೆಸರಿಸಿ ಬರೆದು ತಿಳಿಸುವುದು ಒಳಿತು. ತಟ್ಟೆಗೆ ಬಡಿಸಿದ ಮೇಲೆ ನಿರಾಕರಿಸುವುದಕ್ಕಿಂತ ಮೊದಲೇ ವಿನಯದಿಂದ ತಿಳಿಸುವುದು ಉಣ್ಣುವವರಿಗೂ ಉಣಿಸುವವರಿಗೂ ಹಿತ.

ಹೊತ್ತು ಮತ್ತು ಆರೋಗ್ಯ

ಅಲ್ಲಿ ಮಧ್ಯಾಹ್ನ 2ರಿಂದ 3 ಗಂಟೆಯ ಊಟವೇ ಮುಖ್ಯ. ರಾತ್ರಿಯದು 9ರ ಮೇಲೆ, ಹಗುರ. ಬೇಗ ಉಂಡು ರೂಢಿಯಾದವರು ಸಂಜೆ ಹಣ್ಣು, ಬಾದಾಮಿ ತಿಂದು ರಾತ್ರಿ ಮಿತವಾಗಿ ಉಣ್ಣಬೇಕು, ಉಂಡೊಡನೆ ಮಲಗಬಾರದು. ಜೋಳದ ರೊಟ್ಟಿಯ ನಾರಿನಂಶ ಬಿಳಿ ಬ್ರೆಡ್ಡಿನಲ್ಲಿಲ್ಲ. ಇಡಿಗೋಧಿಯ ‘ಪಾನ್ ಇಂತೆಗ್ರಾಲ್’ ಕೇಳಿ ಪಡೆಯಬೇಕು. ಶಾಕಾಹಾರಿಗಳಲ್ಲಿ ಬಿ12 ಜೀವಸತ್ವದ ಕೊರತೆ ಸಾಮಾನ್ಯ. ಹಾಲು, ಮೊಸರು ತಪ್ಪಿಸದಿರುವುದಲ್ಲದೆ, ಪ್ರಯಾಣಕ್ಕೆ ಮುನ್ನ ರಕ್ತಪರೀಕ್ಷೆ ಮಾಡಿಸಿ ವೈದ್ಯರ ಸಲಹೆ ಪಡೆಯುವುದು ಕ್ಷೇಮ.

ಮಕ್ಕಳ ಪೆಟ್ಟಿಗೆಯಲ್ಲಿ ಶೇಂಗಾ ಚಟ್ನಿಪುಡಿ ಇಡುವ ತಾಯಂದಿರು ಉಪ್ಪಿಟ್ಟು, ಚಿತ್ರಾನ್ನ ಮಾಡುವುದನ್ನೂ ಕಲಿಸಿ ಕಳುಹಿಸಲಿ. ವಾರಕ್ಕೊಮ್ಮೆ ಆ ಮನೆಯವರಿಗೂ ಅದನ್ನು ಮಾಡಿ ಉಣಿಸಿದರೆ ಪರದೇಶದ ಅಡುಗೆಮನೆಯಲ್ಲಿಯೂ ದಾಸೋಹದ ಸಂಸ್ಕಾರ ಉಳಿಯುತ್ತದೆ.